ಮೂರನೆಯ ಮೆಟ್ಟಿಲಿನಾಚೆ

ಗಿಟಾರಿನ ಫ್ರೆಟ್ಟುಗಳೆಲ್ಲ ಹೊಸದಾದ ಮೇಲೆ ಇನ್ನು ತಪ್ಪನ್ನು ಯಾರ ತಲೆಗೆ ಕಟ್ಟುವುದು ಎಂಬ ಯೋಚನೆಯಲ್ಲಿ ಬಚ್ಚಲುಮನೆಯ ಮಣೆಯ ಮೇಲೆ ಕೂತ ರುದ್ರಸ್ವಾಮಿ ಏಳುವುದನ್ನೇ ಮರೆತಿದ್ದ. ಹಂಡೆಯ ನೀರು ಆರುತ್ತಿತ್ತು. ಹೊರಗೆ ಅವನ ಹೆಂಡತಿ ಸರ್ವಮಂಗಳೆ ಆಯುಧಪೂಜೆಯ ಸಡಗರದಲ್ಲಿ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ಹಿತ್ತಿಲಿಗೆ ಎಳೆದು ತೊಳೆಯುತ್ತಿದ್ದಳು. ಈಳಿಗೆಮಣೆ, ಮಚ್ಚು, ತೆಂಗಿನಕಾಯಿ ತುರಿಯುವ ಮಣೆ, ಯಾವ ಕಾಲದ್ದೋ ಒಂದು ಸುತ್ತಿಗೆ, ಒಂದೊಂದೂ ಒಗೆಯುವ ಕಲ್ಲಿಗೆ ತಗುಲಿ ತನ್ನದೇ ಸದ್ದು ಮಾಡುತ್ತಿತ್ತು. ಒಂದೊಂದೂ ಅವನ ಗಿಟಾರಿಗಿಂತ ಸ್ಪಷ್ಟವಾಗಿ ಮಾತಾಡುತ್ತಿತ್ತು. "ರೀ, ಸ್ನಾನ ಮಾಡ್ತಿದೀರೋ ತಪಸ್ಸು ಮಾಡ್ತಿದೀರೋ? ಸ್ಕೂಟರ್ ತೊಳೆಯೋರು ಯಾರು, ಮಠದ ಸ್ವಾಮಿಗಳು ಬರ್ತಾರಾ?" ಎಂದು ಅವಳು ಕೂಗಿದಳು. ಅವನು ಉತ್ತರಕ್ಕೆ ಬದಲಾಗಿ ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದ. ಸ್ನಾನ ನಡೆಯುತ್ತಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ಅಷ್ಟು ಸಾಕು. ಈಚೆಗೆ ಅವನ ಬಾಳಿನಲ್ಲಿ ಬಹಳಷ್ಟು ಕೆಲಸಗಳು ಹೀಗೇ, ಸದ್ದಿನ ಮಟ್ಟಿಗೆ ನಡೆಯುತ್ತಿದ್ದವು.

ಹಾಗೆ ನೋಡಿದರೆ ಹಳೆಯ ಫ್ರೆಟ್ಟುಗಳು ಅವನಿಗೆ ಮಾಡಿದ ಉಪಕಾರ ಸಣ್ಣದಲ್ಲ. ಗಿಟಾರಿನ ಕತ್ತಿನುದ್ದಕ್ಕೂ ಅಡ್ಡಡ್ಡ ಹೂತಿರುವ ಬೆಳ್ಳಿಬಣ್ಣದ ಸಣ್ಣ ಕಂಬಿಗಳು ಅವು. ತಂತಿಯನ್ನು ಅವುಗಳ ಮೇಲೆ ಒತ್ತಿಯೇ ಸ್ವರ ಹುಟ್ಟಿಸಬೇಕು. ವರ್ಷಗಟ್ಟಲೆ ಒತ್ತಿದರೆ ಕಂಬಿಯಲ್ಲಿ ಹಳ್ಳ ಬಿದ್ದು ತಂತಿ ಗಿರ್ರೆಂದು ನರಳುತ್ತದೆ. ಬೆರಳು ತಪ್ಪಿದಾಗಲೂ ಗಿರ್ರೆಂದೇ ನರಳುತ್ತದೆ. ಈ ಎರಡು ನರಳಿಕೆಗಳ ವ್ಯತ್ಯಾಸ ಮೈಸೂರಿನಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಗಟ್ಟಿ ನಂಬಿಕೆಯ ಮೇಲೆ ರುದ್ರಸ್ವಾಮಿ, ಹಗಲು ಅಗರಬತ್ತಿ ಕಾರ್ಖಾನೆಯ ಪ್ಯಾಕಿಂಗ್ ಮೇಲ್ವಿಚಾರಕನಾಗಿಯೂ ಸಂಜೆ 'ಮಧುರ ಝೇಂಕಾರ' ಆರ್ಕೆಸ್ಟ್ರಾದ ಲೀಡ್ ಗಿಟಾರಿಸ್ಟ್ ಆಗಿಯೂ ತಲೆಯೆತ್ತಿ ಬಾಳಿದ್ದ. ಬ್ಯಾನರಿನಲ್ಲಿ ಹಾಗೆಯೇ ಬರೆದಿತ್ತು, ಲೀಡ್ ಗಿಟಾರ್: ರುದ್ರ. ಸ್ವಾಮಿಯನ್ನು ಕತ್ತರಿಸಿ ಹಾಕಿದ್ದು ಅವನೇ. ಸ್ವಾಮಿ ಅಂದರೆ ಜನ ಕಾಲಿಗೆ ಬೀಳಲು ಬರುತ್ತಾರೆ, ಶಿಳ್ಳೆ ಹೊಡೆಯುವುದಿಲ್ಲ. ಶಿಳ್ಳೆ ಹೊಡೆಯುವ ಜನರ ಎದುರು ಅವನು ಗಿಟಾರನ್ನು ಸೊಂಟದ ಕೆಳಗೆ ಇಳಿಬಿಟ್ಟು, ಕಣ್ಣು ಮುಚ್ಚಿ, ತುಟಿ ಕಚ್ಚಿ, ತಲೆಯನ್ನು ಹಿಂದಕ್ಕೆ ಎಸೆದು ಬಾರಿಸುತ್ತಿದ್ದುದು ಒಟ್ಟು ಮೂರು ಕಾರ್ಡು, ಮೂರೇ ಸ್ವರಗುಚ್ಛ. ಮುಖ ಮಾತ್ರ ಮುನ್ನೂರು ಬಾರಿಸುತ್ತಿತ್ತು.

ಹೋದ ವರ್ಷ ಉದಯಗಿರಿಯ ರಾಜ್ಯೋತ್ಸವದಲ್ಲಿ, ಹಾಡಿನ ನಟ್ಟನಡುವೆ ಅವನ ಗಿಟಾರಿನ ಒಂದನೇ ತಂತಿ ಟಪ್ಪನೆ ಕಿತ್ತು ಬಂದು ಮುಂಗೈಗೆ ಬಡಿದಿತ್ತು. ಮರುಕ್ಷಣವೇ ಗಿಟಾರೊಂದೇ ನುಡಿಯುವ ತುಂಡು ಬರಬೇಕಾದ ಜಾಗ. ಅವನು ಹಾಡುಗಾರನ ಕಡೆ ತಿರುಗುವಷ್ಟರಲ್ಲಿ ಆ ತುಂಡು ತಾನಾಗಿಯೇ ಬಂತು. ಜೇನಿನ ಹಾಗೆ ಬಂತು. ಅವನ ಬೆರಳು ಎಂದೂ ಹತ್ತದ ಎತ್ತರಕ್ಕೆ ಹತ್ತಿ, ಅಲ್ಲಿಂದ ಜಾರಿ, ಒಂದು ಸುತ್ತು ತಿರುಗಿ ಕೆಳಗಿಳಿಯಿತು. ಜನ ಶಿಳ್ಳೆ ಹೊಡೆದರು. ಸ್ಪೀಕರುಗಳಿಂದ ಬರುತ್ತಿದ್ದ ಆ ಗಿಟಾರು ಆರ್ಕೆಸ್ಟ್ರಾದ ಯಜಮಾನ ಮೋಹನನ ಕೀಬೋರ್ಡಿನೊಳಗಿನದು ಎಂದು ಅರ್ಥವಾಗಲು ರುದ್ರಸ್ವಾಮಿಗೆ ಆ ಶಿಳ್ಳೆ ಮುಗಿಯುವಷ್ಟು ಹೊತ್ತು ಹಿಡಿಯಿತು. ತನ್ನ ವೈರಿನ ಜಾಡು ಹಿಡಿದು ಕಣ್ಣು ಹಾಯಿಸಿದ. ಅದು ವೇದಿಕೆಯ ಅಂಚಿನವರೆಗೆ ಮರ್ಯಾದೆಯಿಂದ ಹೋಗಿ, ಸೌಂಡಿನವನ ಪೆಟ್ಟಿಗೆಯ ಕೆಳಗೆ, ಊಟವಾದ ಮೇಲೆ ಮಲಗಿದ ನಾಯಿಯ ಹಾಗೆ ಸುರುಳಿ ಸುತ್ತಿ ಬಿದ್ದಿತ್ತು. ತುದಿಯನ್ನು ಯಾರೂ ಎಲ್ಲಿಗೂ ಚುಚ್ಚಿರಲಿಲ್ಲ. ಎಷ್ಟು ಕಾರ್ಯಕ್ರಮಗಳಿಂದ ಹೀಗೆ? ಗಣಪತಿ ಹಬ್ಬದಿಂದಲೋ, ಅದರ ಹಿಂದಿನ ಆ ಮದುವೆಯಿಂದಲೋ, ಆ ಮದುವೆಯಲ್ಲಿ ಹೆಣ್ಣಿನ ಚಿಕ್ಕಪ್ಪ ಬಂದು ಕೈ ಕುಲುಕಿದ್ದನಲ್ಲ, ಆ ಕುಲುಕು ಯಾರಿಗೆ ಸೇರಿದ್ದು? ಅವನು ಅಲ್ಲೇ ಗಿಟಾರನ್ನು ಇಳಿಸಿ ಕೆಳಗೆ ಬರಬಹುದಿತ್ತು. ಮೋಹನನ ಕೊರಳಪಟ್ಟಿ ಹಿಡಿಯಬಹುದಿತ್ತು. ಆದರೆ ಶಿಳ್ಳೆ ಇನ್ನೂ ನಿಂತಿರಲಿಲ್ಲ, ಜನ ಅವನನ್ನೇ ನೋಡುತ್ತಿದ್ದರು, ಕಿತ್ತುಹೋದ ತಂತಿ ಗಾಳಿಯಲ್ಲಿ ಅಲ್ಲಾಡುತ್ತಿತ್ತು. ರುದ್ರಸ್ವಾಮಿ ಎದೆಯ ಮೇಲೆ ಕೈಯಿಟ್ಟು ಬಗ್ಗಿ ನಮಸ್ಕಾರ ಮಾಡಿದ. ಈಗಲೂ ಒಮ್ಮೊಮ್ಮೆ, ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಅಂಟು ಹಚ್ಚುವುದನ್ನು ನೋಡುತ್ತ ನಿಂತಿರುವಾಗ, ಆ ನಮಸ್ಕಾರ ಹೊಟ್ಟೆಯೊಳಗಿಂದ ಎದ್ದುಬಂದು ಅವನ ಬೆನ್ನು ಸ್ವಲ್ಪ ಬಗ್ಗುತ್ತದೆ. ಕೆಲಸದ ಹೆಂಗಸರು ಸಾಹೇಬರಿಗೆ ಸೊಂಟ ನೋವು ಅಂದುಕೊಂಡಿದ್ದಾರೆ.

ಮೋಹನ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಮಾರನೆಯ ದಿನ ಟೀ ಅಂಗಡಿಯಲ್ಲಿ ಅವನೇ ಮಾತು ತೆಗೆದ. "ರುದ್ರಣ್ಣ, ತಪ್ಪು ತಿಳ್ಕೋಬೇಡಿ ಕಣ್ರೀ. ನಿಮ್ ಗಿಟಾರಲ್ಲಿ ಫ್ರೆಟ್ ಸವೆದೋಗಿದೆ. ಮೈಕಿಗೆ ಕೊಟ್ರೆ ಗಿರ್ ಗಿರ್ ಅಂತದೆ, ಹಿಟ್ಟಿನ ಗಿರಣಿ ಥರ. ಅದಕ್ಕೇ ಸ್ವಲ್ಪ ಕಮ್ಮಿ ಇಡ್ಸಿದ್ದೆ. ಹೊಸ ಫ್ರೆಟ್ ಹಾಕಿಸ್ಕೊಳಿ, ಅವತ್ತೇ ಫುಲ್ ಕೊಟ್ಬುಡ್ತೀನಿ." ಸ್ವಲ್ಪ ಕಮ್ಮಿ. ರುದ್ರಸ್ವಾಮಿ ಆ ಎರಡು ಪದಗಳನ್ನು ಬನ್ನಿನ ಜೊತೆ ಅದ್ದಿ ನುಂಗಿದ್ದ. "ಅದೇ ಮೋಹನ್, ನಾನೂ ಅದೇ ಯೋಚ್ನೆ ಮಾಡ್ತಿದ್ದೆ. ಫ್ರೆಟ್ಟೇ ಕಣೋ, ಬೇರೆ ಏನಿಲ್ಲ," ಎಂದಿದ್ದ. ಇಬ್ಬರೂ ಫ್ರೆಟ್ಟನ್ನು ಬೈಯುತ್ತ ಎರಡನೇ ಟೀ ಕುಡಿದಿದ್ದರು. ಅಲ್ಲಿಂದ ಈಚೆಗೆ ಇಡೀ ವರ್ಷ ಅವನು ವೈರಿಲ್ಲದೆ ಬಾರಿಸುತ್ತ, ಫ್ರೆಟ್ಟು ಹಾಕಿಸುವ ಮಾತಾಡುತ್ತ, ಹಾಕಿಸದೆ ಕಾಲ ಕಳೆದ. ಬೆಂಗಳೂರಿಂದ ಕಂಬಿ ತರಿಸಬೇಕು ಅನ್ನುತ್ತಿದ್ದ. ಕಂಬಿ ಬಂದ ಮೇಲೆ, ಸರಿಯಾದ ಅರ ಸಿಗಬೇಕು ಅನ್ನುತ್ತಿದ್ದ. ಫ್ರೆಟ್ಟು ಸವೆದಿರುವ ತನಕ ಅವನೊಬ್ಬ ಒಳ್ಳೆಯ ಗಿಟಾರಿಸ್ಟ್, ಪಾಪ, ವಾದ್ಯ ಕೈಕೊಟ್ಟಿದೆ. ಹೊಸದು ಹಾಕಿದ ದಿನ? ಆದರೂ ಈ ದಸರೆಗೆ ಮುಂಚೆ ಅವನನ್ನು ಎಬ್ಬಿಸಿ ಕೂರಿಸಿದ್ದು ಬಹುಶಃ ಮೋಹನನ ಇನ್ನೊಂದು ಮಾತು. "ಆಯುಧಪೂಜೆ ಸಂಜೆ ಕೆಸರೆ ಆಟೋ ಸ್ಟ್ಯಾಂಡಲ್ಲಿ ಪ್ರೋಗ್ರಾಂ ಐತೆ. ಫ್ರೆಟ್ ಆಗ್ದಿದ್ರೂ ಪರವಾಗಿಲ್ಲ ಬನ್ನಿ ರುದ್ರಣ್ಣ, ಗಿಟಾರ್ ಹಿಡ್ಕೊಂಡು ಒಬ್ರು ನಿಂತಿದ್ರೆ ಸ್ಟೇಜಿಗೊಂದು ಲಕ್ಷಣ." ಬಾಗಿಲಿಗೆ ಕಟ್ಟುವ ಮಾವಿನೆಲೆಗೂ ಇದೇ ಮಾತು ಒಪ್ಪುತ್ತದೆ ಎಂದು ರುದ್ರಸ್ವಾಮಿಗೆ ಮನೆಗೆ ಬಂದ ಮೇಲೆ ಹೊಳೆಯಿತು.

ಕೆಸರೆಯಲ್ಲಿ ಹಾರ್ಮೋನಿಯಂ ರಿಪೇರಿಯ ಮಂಟೇಸ್ವಾಮಿ ಇದ್ದ. ಯಾವ ವಾದ್ಯ ಕೊಟ್ಟರೂ ಬೇಡವೆನ್ನದವನು, ಯಾವುದನ್ನೂ ಪೂರ್ತಿ ಬಲ್ಲವನಲ್ಲ. ನಡುವಿನ ಜಾಗವನ್ನು ಮಾತಿನಿಂದ ತುಂಬುತ್ತಿದ್ದ. ಗಿಟಾರನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಕತ್ತಿನ ಹಳದಿ ಬಿಳುಪಿನ ಮರವನ್ನು ಉಗುರಿನಿಂದ ಕುಟ್ಟಿ, "ಅಲಸಿನ ಮರ," ಎಂದು ತೀರ್ಪು ಕೊಟ್ಟ.

"ಹಲಸಲ್ಲ ಮಂಟೇಸ್ವಾಮಿ, ಮೇಪಲ್. ಫಾರಿನ್ ಮರ."

"ಆಪಲ್ಲಾ? ಕಾಸ್ಮೀರದ್ದು ಅನ್ನಿ!"

"ಆಪಲ್ ಅಲ್ಲಯ್ಯ, ಮೇಪಲ್, ಮೇಪಲ್."

"ಆಯ್ತು ಬುಡಿ ಸ್ವಾಮಿ, ಅಣ್ಣು ಯಾವುದಾದ್ರೇನು. ಮೆಟ್ಲು ಕಿತ್ತು ಮೇಣ ಆಕಿ ಕೂರ್ಸ್ಬುಡ್ತೀನಿ, ವೀಣೆಗೆ ಆಕಂಗೆ. ಬಿಸ್ಲಲ್ಲಿ ಇಡ್ಬೇಡಿ ಅಷ್ಟೇ." ಆಮೇಲೆ ಕಣ್ಣು ಕಿರಿದು ಮಾಡಿ ಕತ್ತಿನ ಮೇಲೆ ಬೆರಳು ಓಡಿಸಿದ. ಮೇಪಲ್ ಮರದ ದೊಡ್ಡ ಚಾಡಿಕೋರತನವೆಂದರೆ ಅದರ ಬಿಳುಪು. ಕರಿಮರವಾದರೆ ಬೆವರನ್ನೂ ಕೊಳೆಯನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಇದರ ಮೇಲೆ, ಮೆರುಗೆಣ್ಣೆ ಸವೆದ ಕಡೆಯೆಲ್ಲ ಬೆರಳಿನ ಕೊಳೆ ಇಳಿದು ಕಪ್ಪು ಮಚ್ಚೆಗಳಾಗಿದ್ದವು. ಒಂದನೇ ಫ್ರೆಟ್ಟಿನ ಹಿಂದೆ, ಎರಡನೆಯದರ ಹಿಂದೆ, ಮೂರನೆಯದರ ಹಿಂದೆ. ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆ ಮರ ಅಂಗಡಿಯಿಂದ ಬಂದ ದಿನದಷ್ಟೇ ಹಳದಿಯಾಗಿ, ಕಂಬಿಗಳು ಮದುವಣಗಿತ್ತಿಯ ಬಳೆಗಳ ಹಾಗೆ ಹೊಳೆಯುತ್ತ, ಉದ್ದಕ್ಕೂ ಖಾಲಿ. "ಇದೇನ್ ಸ್ವಾಮಿ," ಎಂದ ಮಂಟೇಸ್ವಾಮಿ, ಪಕ್ಕದ ಸೈಕಲ್ ಅಂಗಡಿಗೂ ಕೇಳುವ ಹಾಗೆ. "ಕೆಳಗಡೆ ಮೂರು ಮೆಟ್ಲು ಚಾಮುಂಡಿಬೆಟ್ಟದ್ ಮೆಟ್ಲಂಗೆ ಸವ್ದವೆ. ಮೇಲ್ಗಡೆ ಯಾರೂ ಅತ್ತೇ ಇಲ್ವಲ್ಲ! ಮೂರ್ ತಗ್ದು ಮೂರ್ ಆಕುದ್ರೆ ಸಾಕು ಕಣ್ರೀ, ಮಿಕ್ಕಿದ್ದು ನಿಮ್ ಮೊಮ್ಮಕ್ಕಳಿಗಾಯ್ತದೆ." ರುದ್ರಸ್ವಾಮಿ ಗಿಟಾರನ್ನು ಕಿತ್ತುಕೊಂಡ ಹಾಗೆಯೇ ಎತ್ತಿಕೊಂಡ. "ಎಲ್ಲಾ ಬದಲಾಯಿಸ್ಬೇಕು. ಒಂದೂ ಬಿಡ್ದೆ. ಅದು ಸೈಂಟಿಫಿಕ್ಕು," ಎಂದ. ಮೇಣದ ಮಾತಿಗೆ ಹೆದರಿ, ಕೆಲಸ ತಾನೇ ಮಾಡಿಕೊಳ್ಳುವುದಾಗಿ ಹೇಳಿ, ಅವನಿಂದ ಇಕ್ಕಳ, ಅರ, ಬೆಸುಗೆ ಕಡ್ಡಿ, ಮರದ ಕೊಡತಿ ಇಸಕೊಂಡು ಬಂದ.

ಆ ಕೆಲಸ ಮಾಡಿದ ದಿನಗಳನ್ನು ನೆನೆದರೆ ಅವನಿಗೆ ತನ್ನ ಮೇಲೆಯೇ ಒಂದು ಬಗೆಯ ಗೌರವ ಬರುತ್ತದೆ, ಬಹುಶಃ ಅದು ವಾದ್ಯವನ್ನು ಬಾರಿಸದೆ ಅದರ ಜೊತೆ ಕಳೆದ ಸಮಯವಾದ್ದರಿಂದ. ನಡುಮನೆಯಲ್ಲಿ ಹಳೆಯ ಜಮಖಾನ ಹಾಸಿ, ಬೆಸುಗೆ ಕಡ್ಡಿಯಿಂದ ಒಂದೊಂದೇ ಕಂಬಿಯನ್ನು ಬಿಸಿ ಮಾಡಿ, ಇಕ್ಕಳದಿಂದ ಹಲ್ಲು ಕೀಳುವ ಹಾಗೆ ಮೆಲ್ಲಗೆ ಅಲ್ಲಾಡಿಸಿ ಎತ್ತುವುದು. ಮೇಪಲ್ಲಿನ ಮೇಲೆ ಗಾಜಿನಂಥ ಮೆರುಗೆಣ್ಣೆ. ಅವಸರ ಮಾಡಿದರೆ ಕಂಬಿಯ ಜೊತೆ ಚಕ್ಕೆಯೂ ಏಳುತ್ತದೆ. ನಾಲ್ಕಾರು ಕಡೆ ಎದ್ದೂ ಎದ್ದಿತು. ಇನ್ನು ಮೆರುಗನ್ನೆಲ್ಲ ಉಜ್ಜಿ ತೆಗೆದು ಹೊಸದಾಗಿ ಬಳಿಯುವುದೇ ಸರಿ ಎಂದು ಅವನು ತೀರ್ಮಾನಿಸಿದ. ಚಕ್ಕೆ ಎದ್ದದ್ದಕ್ಕೆ ಅಲ್ಲವೇ ಅಲ್ಲ, ಮಚ್ಚೆಗಳಿಗೆ. ಉಪ್ಪುಕಾಗದ ಹಿಡಿದು, ಒಂದು ಮರದ ತುಂಡಿಗೆ ಸುತ್ತಿ, ಅವನು ಕಂಬಿಗಳ ನಡುವಿನ ಆ ಮೂರು ಮನೆಗಳನ್ನು ಉಜ್ಜಿದ. ಮೊದಲು ಕಪ್ಪು ಬೂದಿಯಾಯಿತು, ಬೂದಿ ಕಂದಾಯಿತು, ಕಂದು ಚಹದ ಬಣ್ಣಕ್ಕೆ ಬಂತು, ಕೊನೆಗೆ ಒಂದು ಸಂಜೆ ಇಡೀ ಕತ್ತು, ಒಂದನೇ ಮೆಟ್ಟಿಲಿಂದ ಕೊನೆಯದರ ತನಕ, ಹಾಲಿನ ಕೆನೆಯ ಹಾಗೆ ಒಂದೇ ಬಣ್ಣ. ಯಾರು ಎಲ್ಲಿಯವರೆಗೆ ಹತ್ತಿದ್ದರು ಎಂಬುದಕ್ಕೆ ಇನ್ನು ಗುರುತಿಲ್ಲ. ಆಮೇಲೆ ಹೊಸ ಕಂಬಿಗಳನ್ನು ಕತ್ತರಿಸಿ, ಸೀಳಿನಲ್ಲಿಟ್ಟು, ಕೊಡತಿಯಿಂದ ಅಂಚು, ಅಂಚು, ಮಧ್ಯ ಎಂದು ತಟ್ಟಿ ಕೂರಿಸಿದ್ದು. ತುದಿಗಳನ್ನು ಅರದಿಂದ ನುಣುಪು ಮಾಡಿದ್ದು. ಸರ್ವಮಂಗಳೆ ಅಡುಗೆಮನೆಯಿಂದಲೇ, "ಬಡಗಿ ಕೆಲ್ಸ ಚೆನ್ನಾಗಿ ಬರತ್ತೆ ಕಣ್ರೀ ನಿಮಗೆ," ಎಂದಳು. ಅದನ್ನು ಹೊಗಳಿಕೆ ಎಂದುಕೊಳ್ಳಲು ಅವನು ತುಂಬ ಪ್ರಯತ್ನಪಟ್ಟ. ಉಳಿದದ್ದು ವಾರ್ನಿಷ್ ಮಾತ್ರ. ಹಬ್ಬದ ಹಿಂದಿನ ದಿನವೇ ಬಳಿಯಬಹುದಿತ್ತು, ಬೇಕಾದಷ್ಟು ಹೊತ್ತಿತ್ತು. ತಂತಿ ಕಟ್ಟಿದ ಮೇಲೆ ನೋಡೋಣ, ನಾಳೆ ಬಳಿಯೋಣ ಎಂದು ಬಿಟ್ಟ. ಹಸಿಮರಕ್ಕೆ ಮುಚ್ಚಳ ಹಾಕುವುದೆಂದರೆ ಕೆಲಸ ಮುಗಿಯಿತು ಎಂದರ್ಥ; ಕೆಲಸ ಮುಗಿಯಿತು ಅಂದರೆ ಬಾರಿಸಬೇಕು.

ಕೊನೆಗೂ ಬಚ್ಚಲಿಂದ ಬಂದು, ಹಣೆಗೆ ವಿಭೂತಿ ಧರಿಸಿ, ಅವನು ನಡುಮನೆಗೆ ಕಾಲಿಟ್ಟ. ದೇವರಮನೆಯ ಎದುರು ಸರ್ವಮಂಗಳೆ ಆಯುಧಗಳನ್ನು ಸಾಲಾಗಿ ಜೋಡಿಸಿದ್ದಳು. ಈಳಿಗೆಮಣೆಯ ಅಲಗಿಗೆ ಅರಿಶಿನ ಕುಂಕುಮ, ಮಿಕ್ಸಿಯ ಬಾಯಿಗೆ ಅರಿಶಿನ ಕುಂಕುಮ, ಹೊಲಿಗೆ ಯಂತ್ರದ ಸೂಜಿಯ ತಲೆಗೆ ಚೆಂಡುಹೂವು. ಸಾಲಿನ ಕೊನೆಗೆ, ಗೋಡೆಗೆ ಒರಗಿ, ತಲೆಯ ಮೇಲೆ ವಿಭೂತಿಯ ಮೂರು ಪಟ್ಟೆ ಬಳಿಸಿಕೊಂಡು, ಹೊಸದಾಗಿ ದೀಕ್ಷೆ ಪಡೆದ ಮಠದ ಮರಿಯ ಹಾಗೆ ಅವನ ಗಿಟಾರು. ವಿಭೂತಿಗೆ ಅವನಿಗೆ ತಕರಾರಿರಲಿಲ್ಲ, ಒರೆಸಿದರೆ ಹೋಗುತ್ತದೆ. ಕಣ್ಣು ಕೆಳಗಿಳಿಯಿತು. ಹಾಲಿನ ಕೆನೆಯಂಥ ಹಸಿ ಮರದ ಮೇಲೆ, ಒಂದನೇ ಮನೆಯಲ್ಲಿ, ಎರಡನೇ ಮನೆಯಲ್ಲಿ, ಮೂರನೇ ಮನೆಯಲ್ಲಿ, ತಂತಿಗಳ ಸಂದಿಗೆ ಬೆರಳು ತೂರಿಸಿ ಇಟ್ಟ ನೀರರಿಶಿನದ ಬೊಟ್ಟುಗಳು, ಒಂದೊಂದರ ನಡುವೆ ದುಂಡಗೆ ಕುಂಕುಮ. ಮೂರನೆಯದರಿಂದಾಚೆ ಏನೂ ಇಲ್ಲ, ಶುದ್ಧ ಹಾಲು. ಉಜ್ಜಿ ಅಳಿಸಿದ ಮಚ್ಚೆಗಳು ಒಂದೊಂದೂ ತಮ್ಮ ತಮ್ಮ ಜಾಗಕ್ಕೆ ಬಣ್ಣ ಉಟ್ಟು ವಾಪಸು ಬಂದಿದ್ದವು.

"ಏನೇ ಇದು?" ಅವನ ದನಿ ತಂತಿಯಷ್ಟೇ ಸಣ್ಣಗಿತ್ತು.

"ಏನು ಅಂದ್ರೆ? ಪೂಜೆ."

"ಮಂಗಳಾ, ಅದು ಹಸಿ ಮರ ಕಣೇ! ವಾರ್ನಿಷ್ ಆಗಿಲ್ಲ. ಅರಿಶಿನ ಕುಡ್ಕೊಂಡ್ಬುಡತ್ತೆ ಅದು, ಇನ್ನು ಜನ್ಮದಲ್ಲಿ ಹೋಗಲ್ಲ!"

"ಒಳ್ಳೇದೇ ಆಯ್ತಲ್ಲ. ಹೋಗೋಕೆ ಅದೇನು ಕೊಳೆನಾ?" ಎನ್ನುತ್ತ ಅವಳು ನಿಂಬೆಹಣ್ಣು ಕೊಯ್ಯುತ್ತಿದ್ದಳು. ಅವನು ಒದ್ದೆ ಬಟ್ಟೆ ತಂದು ಒರೆಸಿದ. ಬೊಟ್ಟು ಅಗಲವಾಯಿತು. ತಂತಿ ಸಡಿಲಿಸಿ ಉಪ್ಪುಕಾಗದ ಆಡಿಸಿದ. ಮೇಲಿನ ಕೆಂಪು ಹೋಗಿ ಒಳಗಿನ ಹಳದಿ ಇನ್ನಷ್ಟು ನಗುತ್ತ ಕಂಡಿತು. ಸುಮ್ಮನೆ ಇಟ್ಟಿದ್ದಲ್ಲ, ಚೆನ್ನಾಗಿ ಕಲಸಿ, ಒತ್ತಿ, ಮನಸ್ಸಿಟ್ಟು ಇಟ್ಟಿದ್ದಳು.

"ಇಷ್ಟುದ್ದ ಕತ್ತಿದೆ. ಇಟ್ಟಿದ್ದೂ ಇಟ್ಟೆ, ತುದಿಗಿಡಬಹುದಿತ್ತು, ಹಿಂದಕ್ಕಿಡಬಹುದಿತ್ತು. ಇಲ್ಲೇ ಯಾಕೆ ಇಟ್ಟೆ?"

ಸರ್ವಮಂಗಳೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಈಳಿಗೆಮಣೆಯನ್ನು ತೋರಿಸಿದಳು. "ಈಳಿಗೆಮಣೆಗೆ ಎಲ್ಲಿಡ್ತಾರೆ? ಮಣೆಗಿಡ್ತಾರಾ? ಅಲಗಿಗೆ ತಾನೆ? ಯಾವುದು ಕೆಲ್ಸ ಮಾಡತ್ತೋ ಅಲ್ಲಿಗೆ ಇಡೋದು ಕಣ್ರೀ. ನಿಮ್ ಗಿಟಾರಲ್ಲಿ ಕೆಲ್ಸ ಮಾಡೋ ಜಾಗ ಇದೇ ಅಲ್ವಾ? ಇಷ್ಟು ವರ್ಷ ಗೋಡೆ ಮೇಲೆ ನೇತಾಡ್ತಿತ್ತು, ಧೂಳು ಒರೆಸೋಳು ನಾನು, ನಂಗೊತ್ತಿಲ್ವಾ ಎಲ್ಲೆಲ್ಲಿ ಕಪ್ಪಾಗಿತ್ತು ಅಂತ? ನೀವು ಉಜ್ಜಿ ಹಾಕಿದ್ರಿ ಅಂತ ನಂಗೆ ಮರ್ತೋಗತ್ತಾ?"

ಅವನು ಜಮಖಾನದ ಮೇಲೆ ಕುಸಿದು ಕೂತ. ಧೂಳು ಒರೆಸುವವಳು. ಒಂದೊಂದು ಮಚ್ಚೆಯನ್ನೂ ಬಟ್ಟೆಯಲ್ಲಿ ತಿಕ್ಕಿ, ಇದು ಧೂಳಲ್ಲ ಎಂದು ತಿಳಿದು, ಮುಂದಿನದಕ್ಕೆ ಹೋಗಿ, ಮೂರಾದ ಮೇಲೆ ತಿಕ್ಕಲು ಏನೂ ಇಲ್ಲದೆ ಸುಲಭವಾಗಿ ಒರೆಸಿ ಮುಗಿಸಿದವಳು. ವರ್ಷಾನುಗಟ್ಟಲೆ. ಕಾರ್ಯಕ್ರಮ ಮುಗಿಸಿ ಬಂದು ಅವನು, ಇವತ್ತು ಮೇಲಿನ ಫ್ರೆಟ್ಟುಗಳಲ್ಲಿ ಏನು ಬಾರಿಸಿದೆ ಗೊತ್ತಾ, ಜನ ಎದ್ದು ನಿಂತುಬಿಟ್ಟರು ಎಂದು ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತ ಹೇಳಿದಾಗೆಲ್ಲ "ಹೌದಾ, ಇನ್ನೊಂಚೂರು ಅನ್ನ ಹಾಕ್ಲಾ" ಎಂದವಳು. ಅವನಿಗೆ ಕೋಪ ಬರಬೇಕಿತ್ತು. ಬಂದದ್ದು ಒಂದು ಸಣ್ಣ, ನಾಚಿಕೆಗೇಡಿನ ನೆಮ್ಮದಿ. ಗಿಟಾರು ಹಾಳಾಯಿತು. ಅಂದರೆ ಈ ಸಂಜೆಗೂ ನೆಪ ಸಿಕ್ಕಿತು. ಮೋಹನನಿಗೆ ಹೇಳಬಹುದು: ಮರ ನೀರು ಕುಡಿದಿದೆ, ಉಬ್ಬಿದೆ, ಫ್ರೆಟ್ಟೆಲ್ಲ ಎದ್ದುಬಿಟ್ಟಿದೆ, ಮನೆಯಲ್ಲಿ ಹೆಂಗಸರ ಕೈಗೆ ವಾದ್ಯ ಸಿಕ್ಕರೆ ಹೀಗೇ ಕಣಯ್ಯ. ವಾಕ್ಯಗಳು ಒಂದರ ಹಿಂದೊಂದು ಶ್ರುತಿಬದ್ಧವಾಗಿ ಬಂದವು. ಇಷ್ಟು ಸಲೀಸಾಗಿ ಅವನ ಬೆರಳು ಎಂದೂ ಓಡಿರಲಿಲ್ಲ.

ಅವನ ಮುಖ ನೋಡುತ್ತಿದ್ದ ಸರ್ವಮಂಗಳೆ ಕೈ ಒರೆಸಿಕೊಂಡು ಹತ್ತಿರ ಬಂದಳು. ದನಿ ಇಳಿಸಿ, ಜ್ವರ ಬಂದ ಮಗುವಿಗೆ ಸ್ಕೂಲು ಬೇಡ ಬಿಡು ಎನ್ನುವವರ ಹಾಗೆ ಹೇಳಿದಳು: "ನೋಡಿ, ಭಯ ಆದ್ರೆ ಹೋಗ್ಬೇಡಿ. ಪೂಜೆಗಿಟ್ಟ ಆಯುಧ ನಾಳೆವರ್ಗೂ ಮುಟ್ಟೋ ಹಾಗಿಲ್ಲ, ನಮ್ಮನೇಲಿ ಪದ್ಧತಿ ಅಂತ ಮೋಹನ್‌ಗೆ ನಾನೇ ಫೋನ್ ಮಾಡಿ ಹೇಳ್ತೀನಿ. ದೇವರ ಮಾತು, ಯಾರೂ ಏನೂ ಅನ್ನಲ್ಲ."

ಭಯ ಆದ್ರೆ. ಯಾವುದನ್ನು ಅವನು ಫ್ರೆಟ್ಟು ಎಂದು ಕರೆದಿದ್ದನೋ, ಮೋಹನ ಸ್ವಲ್ಪ ಕಮ್ಮಿ ಎಂದಿದ್ದನೋ, ಅದಕ್ಕೆ ಅವಳು ನಿಂಬೆಹಣ್ಣಿನ ರಸದ ಕೈಯಲ್ಲೇ ಸರಿಯಾದ ಹೆಸರಿಟ್ಟು ಮುಗಿಸಿದ್ದಳು. ಪದ್ಧತಿಯಂತೆ! ಬೆಳಿಗ್ಗೆ ಪೂಜೆ ಮಾಡಿದ ಈಳಿಗೆಮಣೆಯಲ್ಲಿ ಮಧ್ಯಾಹ್ನಕ್ಕೆ ಕುಂಬಳಕಾಯಿ ಹೆಚ್ಚುವ ಮನೆಯಲ್ಲಿ, ಗಿಟಾರೊಂದಕ್ಕೆ ಮಡಿ. ಅವಳ ಕರುಣೆಯ ಎದುರು ಅವನ ಸ್ವಂತ ನೆಪಗಳೆಲ್ಲ ಒಮ್ಮೆಲೇ ಅಗ್ಗದ ಮಾಲಾಗಿ ಕಂಡವು. "ಯಾರಿಗೆ ಭಯ? ನಾನ್ಯಾಕೆ ಹೆದರ್ಲಿ? ಫ್ರೆಟ್ ಹೊಸದಾಗಿದೆ, ಫುಲ್ ಕೊಡ್ತೀನಿ ಅಂದಿದಾನೆ ಮೋಹನ," ಎಂದು ಕಿರುಚಿ, ತಂತಿಗಳನ್ನು ಮತ್ತೆ ಬಿಗಿಯತೊಡಗಿದ. ಕಿರುಚಿದ ಮೇಲೆ ಹೋಗದೆ ವಿಧಿಯಿರಲಿಲ್ಲ. ಶೌರ್ಯವೆಂದರೆ ಬಹಳ ಸಲ ಇಷ್ಟೇ ಇರಬೇಕು, ಹೆಂಡತಿಯೆದುರು ಬಾಯಿಜಾರಿದ್ದು.

"ಹಾಗಾದ್ರೆ ನಾನೂ ಬರ್ತೀನಿ," ಎಂದಳು ಸರ್ವಮಂಗಳೆ. ಮದುವೆಯಾದ ಹೊಸದರಲ್ಲಿ ಬಂದಿದ್ದವಳು, ಆಮೇಲೆ ಬಂದಿರಲಿಲ್ಲ.

ಸಂಜೆ ಚಕ್ರದಡಿ ನಿಂಬೆಹಣ್ಣು ಹಿಚುಕಿಸಿಕೊಂಡ ಸ್ಕೂಟರಿನಲ್ಲಿ, ಹೆಂಡತಿಯ ತೊಡೆಯ ಮೇಲೆ ಗಿಟಾರನ್ನು ಅಡ್ಡ ಮಲಗಿಸಿ, ಕೃಷ್ಣಮೂರ್ತಿಪುರಂನಿಂದ ಕೆಸರೆಗೆ ಹೊರಟರೆ ದಾರಿಯುದ್ದಕ್ಕೂ ಒಡೆದ ಬೂದುಗುಂಬಳಕಾಯಿ. ಊರಿನ ಯಂತ್ರಗಳೆಲ್ಲ ಕುಂಕುಮ ಇಟ್ಟುಕೊಂಡು ಬಾಳೆಕಂದು ಕಟ್ಟಿಸಿಕೊಂಡು ಮದುವೆಗೆ ಹೊರಟಂತಿದ್ದವು. ಜಂಬೂಸವಾರಿಗೆಂದು ಬಂದ ಪರವೂರಿನ ಬಸ್ಸುಗಳ ನಡುವೆ ನುಸುಳುತ್ತ ರುದ್ರಸ್ವಾಮಿ ಮನಸ್ಸಿನಲ್ಲೇ ಉದಯಗಿರಿಯಲ್ಲಿ ಕೈಕೊಟ್ಟ ಆ ತುಂಡನ್ನು ಬಾರಿಸಿ ನೋಡಿಕೊಂಡ. ಹಾಡಿನ ಎರಡನೇ ಚರಣಕ್ಕೆ ಮುಂಚೆ, ತಾಳದ ನಾಲ್ಕೇ ಏಟಿನಷ್ಟು ಜಾಗ, ಮೂರನೇ ಮೆಟ್ಟಿಲಿಂದ ಹೊರಟು ಮೇಲಕ್ಕೆ ಹತ್ತಿ ಇಳಿಯುವುದು. ಮನಸ್ಸಿನಲ್ಲಿ ಅದು ಯಾವತ್ತಿನಂತೆ ಅದ್ಭುತವಾಗಿ ಬಂತು. ಅಲ್ಲಿ ಸೌಂಡಿನವನು ಇರುವುದಿಲ್ಲವಲ್ಲ.

ಆಟೋಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅವುಗಳ ಎದುರಿಗೇ ಪೆಂಡಾಲು ಹಾಕಿದ್ದರು. ಮುಂದಿನ ಸಾಲಿನ ಪ್ರೇಕ್ಷಕರು ಆಟೋಗಳೇ ಎನ್ನುವಂತಿತ್ತು. ಮೋಹನ ತನ್ನ ಕೀಬೋರ್ಡಿಗೂ ಹೂವು ಮುಡಿಸಿ, ಅದಕ್ಕೆ ಹಾಡುಗಳ ಮೇಳವೆಲ್ಲ ತುಂಬಿದ ಫ್ಲಾಪಿ ತಿನ್ನಿಸುತ್ತಿದ್ದ. ಗಿಟಾರಿನ ಕತ್ತು ನೋಡಿ ನಕ್ಕುಬಿಟ್ಟ. "ಏನ್ ರುದ್ರಣ್ಣ, ಗಿಟಾರಿಗೆ ಎಣ್ಣೆಶಾಸ್ತ್ರ ಮಾಡ್ಸಿದೀರಾ?" ಸರ್ವಮಂಗಳೆಯನ್ನು ಕಂಡು ನಗು ನುಂಗಿಕೊಂಡ. "ನಮಸ್ಕಾರ ಅಕ್ಕ, ಬನ್ನಿ, ಮುಂದೆ ಕೂತ್ಕೊಳಿ." ರುದ್ರಸ್ವಾಮಿ ಅವನನ್ನು ಪಕ್ಕಕ್ಕೆ ಕರೆದ. "ಮೋಹನ್, ಫ್ರೆಟ್ ಆಯ್ತು. ಎಲ್ಲಾ ಹೊಸದು."

"ಆಯ್ತಾ?" ಮೋಹನನ ಮುಖದಲ್ಲಿ ಒಂದು ಕ್ಷಣ ಕಂಡದ್ದು ಸಂತೋಷವಲ್ಲ, ಸಾಲಗಾರ ಸಿಕ್ಕಿಬಿದ್ದಾಗಿನ ಮುಜುಗರ. ಅವನಿಗೂ ಆ ಸವೆದ ಫ್ರೆಟ್ಟು ಬೇಕಾಗಿತ್ತು ಎಂದು ರುದ್ರಸ್ವಾಮಿಗೆ ಆಗ ಗೊತ್ತಾಯಿತು. "ಅಣ್ಣಾ, ಇವತ್ತು ಹೆಂಗೂ ಫ್ಲಾಪಿಲಿ ಎಲ್ಲಾ ಹಾಕ್ಕೊಂಡಿದೀನಿ. ಮುಂದಿನ್ ಪ್ರೋಗ್ರಾಮಿಂದ..."

ಒಪ್ಪಿಬಿಡು ಎಂದು ರುದ್ರಸ್ವಾಮಿಯ ಮೈಯ ಮೂಳೆಮೂಳೆಯೂ ಹೇಳಿತು. ಇದು ಅವನು ಹುಡುಕಿದ ನೆಪವೂ ಅಲ್ಲ, ಇನ್ನೊಬ್ಬರು ತಂದುಕೊಟ್ಟದ್ದು. ಕುರ್ಚಿಯಲ್ಲಿ ಕೂತ ಸರ್ವಮಂಗಳೆ ಪಕ್ಕದ ಹೆಂಗಸಿಗೆ ಆಗಲೇ ಏನೋ ಹೇಳುತ್ತ ಈ ಕಡೆ ಕೈ ತೋರಿಸುತ್ತಿದ್ದಳು. "ಅವತ್ತೇ ಫುಲ್ ಕೊಡ್ತೀನಿ ಅಂದಿದ್ದೆ ಕಣೋ ನೀನು," ಎಂದ, ತನಗೇ ಅಪರಿಚಿತವಾದ ದನಿಯಲ್ಲಿ. ಮೋಹನ ತಲೆ ಕೆರೆದುಕೊಂಡು ಸೌಂಡಿನವನಿಗೆ ಕೂಗಿದ. ಪೆಟ್ಟಿಗೆಯ ಕೆಳಗೆ ಮಲಗಿದ್ದ ವೈರು ಎದ್ದು ತನ್ನ ತೂತಿಗೆ ಹೋಯಿತು. ಸ್ಪೀಕರಿನಲ್ಲಿ 'ಡಬ್' ಎಂದು ಒಂದು ಸದ್ದು, ಬಾವಿಗೆ ಕೊಡ ಬಿದ್ದ ಹಾಗೆ.

ಮೊದಲ ಹಾಡುಗಳಲ್ಲಿ ಅವನು ಮೂರು ಕಾರ್ಡುಗಳ ಮರೆಯಲ್ಲೇ ಉಳಿದ. ಕೇಳಿಸುತ್ತಿತ್ತು. ತನ್ನ ಕೈಕೆಲಸ ತನ್ನ ಕಿವಿಗೆ ಬೀಳುವುದು ಇಷ್ಟು ಅಸಭ್ಯವಾದ ಅನುಭವ ಎಂದು ಮರೆತೇ ಹೋಗಿತ್ತು. ಕನ್ನಡಿಯಿಲ್ಲದ ಮನೆಯಲ್ಲಿದ್ದವನಿಗೆ ಇದ್ದಕ್ಕಿದ್ದಂತೆ ತನ್ನ ಹೊಟ್ಟೆ ಕಂಡ ಹಾಗೆ. ಗಿರ್ರೆನ್ನಲಿಲ್ಲ. ಹೊಸ ಕಂಬಿ ಗಂಟೆಯಂತೆ ಸ್ಪಷ್ಟ. ಬೆವರಿಗೆ ಅರಿಶಿನ ಕರಗಿ ಬೆರಳ ತುದಿಗಳೆಲ್ಲ ಹಳದಿ. ವೇದಿಕೆಯ ಕೆಳಗೆ ಕುಣಿಯುತ್ತಿದ್ದ ಖಾಕಿ ಅಂಗಿಯ ಚಾಲಕನೊಬ್ಬ ಅರಿಶಿನದ ಬೊಟ್ಟು ಕಂಡು, ಕುಣಿತ ನಿಲ್ಲಿಸದೆಯೇ ಗಿಟಾರಿಗೆ ಕೈ ಮುಗಿದ. ಆಮೇಲೆ ಆ ಹಾಡು ಬಂತು, ಆ ಚರಣ ಬಂತು. ಮುಖಕ್ಕೆ ಅಭ್ಯಾಸವಾಗಿತ್ತು, ಅದು ತಾನಾಗಿಯೇ ಕಣ್ಣು ಮುಚ್ಚಿ ತುಟಿ ಕಚ್ಚಲು ಹೊರಟಿತು. ಅವನು ಕಣ್ಣು ತೆರೆದು ನೋಡಿದ. ಒಂದು ಬೊಟ್ಟು, ಎರಡು, ಮೂರು. ಅದರಾಚೆ ಬೋಳು ಬಿಳುಪು, ಯಾರೂ ನಡೆಯದ ಬೀದಿ. ಬೆರಳನ್ನು ಎತ್ತಿ ಅಲ್ಲಿಗೆ ಹಾಕಿದ. ಏಳನೇ ಮೆಟ್ಟಿಲಿಗೆ ಹೋಗಬೇಕಾದದ್ದು ಎಂಟಕ್ಕೆ ಹೋಯಿತು.

ಸ್ವರ ಪೂರ್ತಿ, ದುಂಡಗೆ, ಒಂಚೂರೂ ನರಳದೆ, ಇಡೀ ಕೆಸರೆಗೆ ಕೇಳುವ ಹಾಗೆ ತಪ್ಪಾಗಿ ಬಂತು. ಕೀಬೋರ್ಡಿನ ಜೇನಿನ ಪಕ್ಕದಲ್ಲೇ ಬಂತು. ಹಾಡುಗಾರ ಚರಣ ಎತ್ತುವುದನ್ನು ಮರೆತ. ಕುಣಿಯುತ್ತಿದ್ದವರ ಕಾಲು ಗಾಳಿಯಲ್ಲೇ ತಡೆಯಿತು. ಮೋಹನ ಬೆದರಿ ತನ್ನ ಬೆರಳುಗಳನ್ನೇ ನೋಡಿಕೊಂಡ, ಫ್ಲಾಪಿಯ ಗುಂಡಿ ನೋಡಿದ, ತಾಳದ ಪ್ಯಾಡಿನವನನ್ನು ಕಣ್ಣಲ್ಲೇ ಸುಟ್ಟ, ಸೌಂಡಿನವನ ಕಡೆ ಕೈಯಾಡಿಸಿದ. ಎಲ್ಲರನ್ನೂ ನೋಡಿದ. ರುದ್ರಸ್ವಾಮಿಯನ್ನು ಬಿಟ್ಟು. ಅವನ ಕಡೆಯಿಂದ ಒಂದು ಸದ್ದು ಬರಬಹುದು ಎಂಬುದೇ ಯಾರ ಲೆಕ್ಕದಲ್ಲೂ ಇರಲಿಲ್ಲ.

"ಯಾವನ್ರೋ ಅದು ತಪ್ಪು ಬಾರಿಸಿದ್ದು?" ಎಂದು ಮೋಹನ ಹಲ್ಲು ಕಚ್ಚಿ ಕೇಳಿದ.

ಮುಂದಿನ ಸಾಲಿನಲ್ಲಿ ಸರ್ವಮಂಗಳೆ ಕುರ್ಚಿಯ ತುದಿಗೆ ಬಂದಿದ್ದಳು, ಅವನನ್ನೇ ನೋಡುತ್ತಿದ್ದಳು. ನೆಪಗಳೆಲ್ಲ ಬಂದು ಬಾಗಿಲಲ್ಲಿ ನಿಂತವು, ಮರ ಉಬ್ಬಿದೆ, ಅರಿಶಿನ ಜಾರುತ್ತದೆ, ಅರ ಸರಿಯಿರಲಿಲ್ಲ. ರುದ್ರಸ್ವಾಮಿ ಹಾಡುಗಾರನನ್ನು ಪಕ್ಕಕ್ಕೆ ಸರಿಸಿ, ಹಳದಿ ಬೆರಳಿನ ಕೈಯನ್ನು ಶಾಲೆಯಲ್ಲಿ ಹಾಜರಿ ಹೇಳುವವನ ಹಾಗೆ ಮೇಲೆತ್ತಿ, ಮೈಕಿಗೆ ಬಗ್ಗಿದ.

"ನಾನು ಕಣಯ್ಯ," ಎಂದ. "ನಾನೇ."